ಸಿಗ್ನಲ್ ಬಿಟ್ಟ ಮೇಲೂ ನಿಂತವನು

ಅಂಗೈ ಅಗಲ, ಬೆರಳು ಗಿಡ್ಡ, ಮಣಿಕಟ್ಟಿನಲ್ಲಿ ಸವೆದ ಎರಡು ಚಿನ್ನದ ಬಳೆ. ಪದ್ಮನಾಭನಗರದ ನಮ್ಮ ಓನರ್ ಆಂಟಿ ರಸ್ತೆ ದಾಟುವಾಗ ಆ ಬಲಗೈಯನ್ನು ಮುಂದೆ ಚಾಚಿ, ದೇವರು ಅಭಯ ಕೊಟ್ಟ ಹಾಗೆ ಹಿಡಿಯುತ್ತಿದ್ದರು. ಗಾಡಿಗಳು ನಿಲ್ಲಲಿ ಎಂದು ಅದರ ಅರ್ಥ. ಆಟೊದವರು ಮಾತ್ರ ಬಾಡಿಗೆ ಸಿಕ್ಕಿತೆಂದುಕೊಂಡು ಗಕ್ಕನೆ ನಿಲ್ಲಿಸಿ, "ಎಲ್ಲಿಗಮ್ಮಾ?" ಎನ್ನುತ್ತಿದ್ದರು.

"ಎದುರುಗಡೆ ಫುಟ್‌ಪಾತ್‌ಗಪ್ಪಾ," ಎಂದು ಆಂಟಿ ನಡೆದೇಬಿಡುತ್ತಿದ್ದರು.

ಅವರ ಮಹಡಿ ಮನೆಯಲ್ಲಿ ನಾನು ಬಾಡಿಗೆಗಿದ್ದೆ. ಓನರ್ ಎಂಬ ಗತ್ತು ಅವರಿಗಿರಲಿಲ್ಲ. ಗೊಜ್ಜು ಮಾಡಿದ ದಿನ ಕೆಳಗಿನಿಂದಲೇ ಕೂಗಿ ಬಟ್ಟಲು ತರಿಸಿಕೊಳ್ಳುತ್ತಿದ್ದರು. ಸಂಜೆ ಮೇನ್ ರೋಡಿನಾಚೆಯ ಪಾರ್ಕಿನಲ್ಲಿ ಗೆಳತಿಯರ ಜತೆ ಹರಟುವುದೆಂದರೆ ಅವರಿಗೆ ಪ್ರಾಣ. ಎಷ್ಟೇ ದೂರವಾದರೂ ಜೀಬ್ರಾ ಪಟ್ಟೆಯ ತನಕ ಹೋಗಿಯೇ ದಾಟಬೇಕು. "ಪಟ್ಟೆ ಮೇಲೆ ಕಾಲಿಟ್ಟೋರು ಆಚೆ ಸೇರೋ ತನಕ ಗಾಡಿ ಕಾಯ್ಬೇಕು ಕಣಪ್ಪ. ರೂಲ್ಸು ಅಂದ್ರೆ ರೂಲ್ಸು." ಹಾಗೆ ಕಾದವರಿಗೆ ಕೈಮುಗಿದು ಹೋಗುತ್ತಿದ್ದರು.

ಮಂಡಿನೋವು ಹೆಚ್ಚಾಗಿ ನಡಿಗೆ ನಿಧಾನವಾದಾಗ, ಜತೆಯಲ್ಲೇ ಇದ್ದ ಮಗಳು ಇನ್ನು ಒಬ್ಬರೇ ರಸ್ತೆ ದಾಟಕೂಡದೆಂದು ಹಟ ಹಿಡಿದರು. ಆಂಟಿ ಮುಖ ಸಣ್ಣದು ಮಾಡಿಕೊಂಡು ಗೇಟಿನ ಬಳಿಯೇ ನಿಲ್ಲತೊಡಗಿದರು. ಒಂದು ಸಂಜೆ ಮಗಳ ಕಣ್ಣು ತಪ್ಪಿಸಿ ಹೊರಟೇಬಿಟ್ಟರು.

ಆಫೀಸಿನಿಂದ ಬರುತ್ತಿದ್ದ ನಾನು ಅದೇ ಸಿಗ್ನಲ್‌ನಲ್ಲಿದ್ದೆ, ಸ್ಕೂಟರಿನ ಮುಂದಿನ ಚಕ್ರವನ್ನು ಪಟ್ಟೆಯ ಮೇಲೆ ನುಗ್ಗಿಸಿಕೊಂಡು. ಹಸಿರು ದೀಪ ಬಂತು. ಯಾರೋ ವಯಸ್ಸಾದವರು ಇನ್ನೂ ರಸ್ತೆಯ ನಡುವೆಯೇ ಇದ್ದರು. ಒಂದೇ ಸಮನೆ ಹಾರ್ನ್ ಹೊಡೆದೆ. ಆಕ್ಸಿಲರೇಟರ್ ತಿರುವಿದರೆ ದರಿದ್ರದ್ದು ಗೊರಕ್ ಎಂದು ಆಫ್ ಆಯಿತು. ಆಕೆ ನನ್ನ ಚಕ್ರವನ್ನು ಬಳಸಿಕೊಂಡು ದಾಟಿ, ತಿರುಗಿ, ನನಗೆ ಕೈಮುಗಿದರು. ಓನರ್ ಆಂಟಿ! ಹೆಲ್ಮೆಟ್ಟಿನ ಗಾಜು ಎತ್ತುವ ಧೈರ್ಯ ಬರಲಿಲ್ಲ. ಒಳಗೆ ಕಿವಿಯೆಲ್ಲ ಬಿಸಿಯಾಗಿತ್ತು. ಅಷ್ಟು ನಾಚಿಕೆ ನನಗೆ ಅದುವರೆಗೆ ಆಗಿರಲಿಲ್ಲ.

ಅವರು ಪಾರ್ಕಿನಿಂದ ಮರಳಿದ್ದೇ ಕೆಳಮನೆಯಲ್ಲಿ ತಾಯಿ ಮಗಳ ಜಗಳ ಶುರುವಾಯಿತು. ಇಳಿದು ಬಂದೆ.

"ಸಿಗ್ನಲ್ ಬಿಟ್ಮೇಲೂ ಒಬ್ಬ ಹುಡುಗ ನನಗೋಸ್ಕರ ಗಾಡಿ ಆಫ್ ಮಾಡ್ಕೊಂಡು ನಿಂತಿದ್ದ ಕಣೇ! ಹಿಂದ್ಗಡೆ ಎಲ್ರೂ ಹಾರ್ನ್ ಹೊಡೀತಿದ್ರೂ ಅಲ್ಲಾಡ್ಲಿಲ್ಲ. ಒಳ್ಳೆ ಮನೆ ಹುಡುಗ," ಎನ್ನುತ್ತಿದ್ದರು ಆಂಟಿ.

ಮಗಳು ನನ್ನ ಕಡೆ ತಿರುಗಿದರು. "ನೀವು ದಿನಾ ಗಾಡಿ ಓಡಿಸ್ತೀರಲ್ಲ, ನೀವೇ ಹೇಳಿ. ಜನ ನಿಲ್ಲಿಸ್ತಾರಾ?"

ಆಂಟಿ ನನ್ನ ಮುಖವನ್ನೇ ನೋಡುತ್ತಿದ್ದರು. ನಿಜ ಹೇಳಿದರೆ ಅವರ ಪಾರ್ಕು ಅಂದಿಗೇ ಮುಗಿಯುತ್ತಿತ್ತು, ನನ್ನ ಮರ್ಯಾದೆಯೂ. ಯಾವುದಕ್ಕೆ ಹೆದರಿದೆನೋ, "ನಿಲ್ಲಿಸ್ತಾರೆ ಮೇಡಂ," ಎಂದುಬಿಟ್ಟೆ.

ಆಮೇಲಿನ ಸಂಜೆಗಳಲ್ಲಿ ಎಲ್ಲಿ ಆಂಬುಲೆನ್ಸ್ ಸದ್ದು ಕೇಳಿದರೂ ಎದೆ ಧಸಕ್ಕೆನ್ನುತ್ತಿತ್ತು. ಪಟ್ಟೆಯ ಹಿಂದೆಯೇ ಗಾಡಿ ನಿಲ್ಲಿಸುವುದನ್ನು ಕಲಿತೆ, ಹಿಂದಿನವರಿಂದ ಬೈಸಿಕೊಂಡು. ಆಂಟಿಗೆ ಮಾತ್ರ ನಿಜ ಹೇಳಲಾಗಲಿಲ್ಲ. ಕೊನೆಯ ವಾರದವರೆಗೂ ಪಾರ್ಕಿಗೆ ಹೋಗಿ ಬಂದರು. ಜ್ವರ ಬಂತು, ಮಲಗಿದಲ್ಲೇ ಹೋದರು.

ವೈಕುಂಠ ಸಮಾರಾಧನೆಯ ಊಟಕ್ಕೆ ಮಗಳು ತಾವೇ ಬಡಿಸಿದರು. "ಅವತ್ತು ನಿಮ್ಮ ಮಾತು ನಂಬ್ಕೊಂಡೇ ಅಮ್ಮನ್ನ ಬಿಟ್ಟೆ. ಕೊನೇವರೆಗೂ ಖುಷಿಯಾಗಿ ಓಡಾಡಿದ್ರು. ನಿಮ್ಮ ಉಪಕಾರ ಮರೆಯಲ್ಲ," ಎಂದು ನನ್ನ ಎಲೆಗೆ ಇನ್ನೊಂದು ಲಾಡು ಹಾಕಿದರು.

ತಲೆ ತಗ್ಗಿಸಿಕೊಂಡು ಅದನ್ನೂ ತಿಂದೆ.