ಥೈರಾಯ್ಡ್ ಅಂತ ಹೆಸರಿಟ್ಟ ಮಾತ್ರೆ

ಒಂದೇ ಒಂದು ಮಾತ್ರೆಗಾಗಿ ನೆಂಟಸ್ತಿಕೆ ಮುರಿಯುತ್ತದೆಯೇ? ನಮ್ಮ ಮನೆಯಲ್ಲಿ ಹೋದ ಭಾನುವಾರ ಬೆಳಿಗ್ಗೆ ಮುರಿಯುವುದರಲ್ಲಿತ್ತು.

ಕೊಂಬೈ ಊರಿನಿಂದ ನನ್ನ ತಂಗಿಯ ಸೊಸೆ ಶಾಂತಿ ಬಂದಿದ್ದಳು. ಅವಳ ಮಗನ ಮದುವೆ. ನಮ್ಮವರಲ್ಲಿ ತಾಳಿಯ ಮೊದಲ ಗಂಟು ಗಂಡಿನದು, ಉಳಿದ ಎರಡು ಅವನ ಅಕ್ಕತಂಗಿಯರದು. ಶಾಂತಿಗೆ ಹೆಣ್ಣುಮಕ್ಕಳಿಲ್ಲ. ವರಸೆಯಲ್ಲಿ ತಂಗಿಯಾಗುವ ನನ್ನ ಮೊಮ್ಮಗಳೇ ಗಂಟು ಹಾಕಬೇಕು ಅಂತ ಕರೆಯಲು ಬಂದವಳು ಅವತ್ತು ರಾತ್ರಿ ಇಲ್ಲೇ ಉಳಿದಳು. ಮೊಮ್ಮಗಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಅವಳನ್ನು ಯಾರೂ ಹೀಗೆ ಮುಂದೆ ನಿಲ್ಲು ಅಂತ ಕರೆದಿರಲಿಲ್ಲ.

ಬೆಳಿಗ್ಗೆ ಎದ್ದರೆ ಶಾಂತಿ ತನ್ನ ಥೈರಾಯ್ಡ್ ಮಾತ್ರೆ ಮರೆತು ಬಂದಿದ್ದಾಳೆ. ಅದಕ್ಕೇನು, ಈ ಮನೆಯಲ್ಲೂ ಮೊಮ್ಮಗಳಿಗೆ ಥೈರಾಯ್ಡ್ ಇದೆಯಲ್ಲ? ನಮ್ಮ ಕಡೆ ಕರಿಬೇವು ಕೇಳಿದ ಹಾಗೆ ಮಾತ್ರೆ ಕೇಳುತ್ತಾರೆ. ಬಿಪಿಯವರು ಬಿಪಿಯವರಿಗೆ, ಶುಗರಿನವರು ಶುಗರಿನವರಿಗೆ ಕೊಡುತ್ತಾರೆ. (ಡಾಕ್ಟರು ಬೈದರೆ, ಪಾಪ, ಅವರಿಗೆ ನೆಂಟರಿಲ್ಲ ಅಂದುಕೊಳ್ಳುತ್ತೇವೆ.)

ಖಾಲಿಯಾಗಿದೆ ಅಂದೆ. ಅವಳು ಶೆಲ್ಫಿನ ಮೇಲಿದ್ದ ಡಬ್ಬಿ ಅಲ್ಲಾಡಿಸಿದಳು. ಗಲಗಲ ಅಂತು.

"ಏನತ್ತೆ, ಒಂದು ಮಾತ್ರೆಗೆ ಇಷ್ಟು ಯೋಚ್ನೆಯಾ? ನಿಮ್ ಒಡವೆ ಕೇಳ್ದೆನಾ ನಾನು?"

ಒಂದನ್ನು ಅಂಗೈಗೆ ಹಾಕಿಕೊಂಡು ನೀರು ಕೇಳಿದಳು. ಡಬ್ಬಿಯ ಲೇಬಲ್ಲನ್ನು ನಾನೇ ಉಗುರಿನಿಂದ ಕೆರೆದು ತೆಗೆದಿದ್ದೆ. ಈಗ ಬಾಯಿ ಬಿಟ್ಟರೆ ಮೊಮ್ಮಗಳಿಗೆ ಮದುವೆಮನೆ ಇಲ್ಲ. ಬಿಡದಿದ್ದರೆ ಶಾಂತಿಯ ಹೊಟ್ಟೆಗೆ ಬೇರೆ ಕಾಯಿಲೆಯ ಮದ್ದು. ನಾನೇನು ಮಾಡಿದೆ? ನೀರು ತರುವ ನೆಪದಲ್ಲಿ ಅಡುಗೆಮನೆ ಸೇರಿದೆ. (ದೊಡ್ಡ ಧೈರ್ಯವಂತೆ.)

ಮೊಮ್ಮಗಳು ಅವಳ ಕೈ ಹಿಡಿದಳು. "ನುಂಗಬೇಡಿ ಚಿಕ್ಕವ್ವ. ಅದು ಎಚ್‌ಐವಿ ಮಾತ್ರೆ. ನಂಗೆ ಹುಟ್ಟಿದಾಗಿಂದ ಅದೆ. ಥೈರಾಯ್ಡ್ ಅಂತ ಹೆಸರಿಟ್ಟಿದ್ದು ಅಜ್ಜಿ."

ಹೌದು, ನಾನೇ. ಅವಳ ಅಪ್ಪ ಅಮ್ಮ ಇದರಲ್ಲೇ ಹೋದಾಗ ಊರಿಗೆ ಕಾಮಾಲೆ ಅಂದವಳೂ ನಾನೇ. ಓದಿದ್ದು ಮೂರನೇ ಕ್ಲಾಸು. ಕಾಯಿಲೆಗಳ ಹೆಸರು ಮಾತ್ರ ಚೆನ್ನಾಗಿ ಬರುತ್ತದೆ.

ಶಾಂತಿ ಮಾತ್ರೆಯನ್ನು ಕೆಳಗಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಎರಡು ಸಲ. ಮಾತ್ರೆ ಅಂಟುತ್ತದೆಯೇ? ಟೆಸ್ಟಿನಲ್ಲೂ ಕಾಣದಷ್ಟು ಆ ವೈರಸ್ಸನ್ನು ಕಟ್ಟಿಹಾಕಿರುವುದೇ ಅದು. ದಿನಾ ಅದನ್ನು ನುಂಗಿ, ಬಸ್ಸು ಹತ್ತಿ, ಜವಳಿ ಅಂಗಡಿಯಲ್ಲಿ ಹತ್ತು ಗಂಟೆ ನಿಂತು ಊರವರಿಗೆಲ್ಲ ಸೀರೆ ಬಿಡಿಸಿ ತೋರಿಸುತ್ತಾಳೆ ಈ ಹುಡುಗಿ. ಶಾಂತಿಯ ಮನೆಯ ಮದುವೆ ಜವಳಿಯನ್ನೂ ಆರಿಸಿಕೊಟ್ಟವಳು ಅವಳೇ.

ಬಸ್ಸಿಗೆ ಹೊತ್ತಾಯಿತು ಅಂತ ಶಾಂತಿ ಕಾಫಿ ಕುಡಿಯದೆ ಹೊರಟಳು.

ಮೂರನೇ ದಿನ ಫೋನು ಬಂತು. ತನ್ನ ಡಾಕ್ಟರನ್ನು ಕೇಳಿದಳಂತೆ. ಗಂಟು ಹಾಕಿದರೆ ಯಾರಿಗೂ ಏನೂ ಆಗುವುದಿಲ್ಲವಂತೆ. ಹುಡುಗಿ ಬರಲಿ, ಆದರೆ ಹೆಣ್ಣಿನ ಕಡೆಯವರು ಮಾತ್ರೆ ನೋಡಿ ಕೇಳಿದರೆ ಶುಗರ್ ಅನ್ನಬೇಕಂತೆ. ನನಗೆ ಇದು ಪರವಾಗಿಲ್ಲ ಅನ್ನಿಸಿತು. ಶುಗರ್ ಮರ್ಯಾದಸ್ಥರ ಕಾಯಿಲೆ.

ಮೊಮ್ಮಗಳು ಫೋನು ಕಿತ್ತುಕೊಂಡಳು. "ಕೇಳ್ದಿದ್ರೆ ನಾನಾಗಿ ಏನೂ ಹೇಳಲ್ಲ ಚಿಕ್ಕವ್ವ. ಕೇಳಿದ್ರೆ ಸುಳ್ಳು ಹೇಳಲ್ಲ. ಆಗೋದಾದ್ರೆ ಕರೀರಿ."

 ಶಾಂತಿ ಅವಳ ಸೀರೆ ಜಾಕೀಟಿನ ಅಳತೆ ಕೇಳಿದಳು. ಗಂಟು ಹಾಕುವವಳಿಗೆ ಹೊಸ ಸೀರೆ ಕೊಡಬೇಕಲ್ಲ.

ಇದನ್ನೆಲ್ಲ ಬರಿ, ನನ್ನ ಹೆಸರೂ ಹಾಕು ಅಂತಾಳೆ ಮೊಮ್ಮಗಳು. ಹೆಸರು ಹಾಕಲು ನನಗಿನ್ನೂ ಧೈರ್ಯ ಬಂದಿಲ್ಲ.

ನನ್ನದು ಬಿಡಿ, ನಿಮ್ಮ ಮನೆಯಲ್ಲಿ ಯಾರ ಮಾತ್ರೆಗೆ ಏನು ಹೆಸರಿಟ್ಟಿದ್ದೀರಿ?