ಖಂಡಪ್ಪನ ಹಗ್ಗ

ಸಾರವಾಡದಾಚೆಯ ಕೆರೆಯಲ್ಲಿ ಅಗ್ಗದ ದರಕ್ಕೆ ಕಯಾಕ್ ಎಂಬ ಕಿರುದೋಣಿ ಆಡಿಸುವ ಖಂಡಪ್ಪನಿಗೆ ಗಿರಾಕಿ ಬಾರದಿದ್ದರೆ ಒಂದು ಚಿಂತೆ, ಬಂದರೆ ನೂರು. ಗೋಳಗುಮ್ಮಟ ನೋಡಿ ಬಂದವರನ್ನು ದಡದಲ್ಲೇ ತಡೆದು, ‘ಹೊಟ್ಟಿ ಬಿರಿ ಉಂಡಿಲ್ಲಲ್ರಿ? ತೆಲಿ ತಿರಗೂದಿಲ್ಲಲ್ರಿ?’ ಎಂದು ಡಾಕ್ಟರರ ಹಾಗೆ ವಿಚಾರಿಸುತ್ತಾನೆ. ಅವರಿಗೆ ತೇಲುವ ಜಾಕೀಟು ತೊಡಿಸಿ, ಅದರ ಮೇಲೆ ತನ್ನ ಟವೆಲನ್ನೂ ಬಿಗಿಯುತ್ತಾನೆ. ಕೆರೆಯ ದೇವತೆ ಗಂಗವ್ವನಿಗೆ ಕಾಯಿ ಒಡೆದು, ಕಯಾಕುಗಳನ್ನು ಎಮ್ಮೆ ಕಟ್ಟುವ ಹಗ್ಗದಿಂದ ತನ್ನ ಪುಟ್ಟ ದೋಣಿಗೆ ಬಿಗಿದುಕೊಂಡೇ ಹೊರಡುತ್ತಾನೆ. ಗಿರಾಕಿಗಳು ಎಷ್ಟೇ ಹುಟ್ಟು ಹಾಕಲಿ, ಹಗ್ಗದಳತೆ ದಾಟಲಾರರು. ಯಾರಾದರೂ ಚೂರು ವಾಲಿದರೆ ‘ಹೋ ಹೋ, ಬಾ ಬಾ’ ಎಂದು ದನ ಮರಳಿಸುವ ದನಿಯಲ್ಲಿ ಕೂಗಿ, ಆಮೇಲೆ ನೆನಪಾಗಿ ‘ಬರ್ರಿ’ ಎಂದು ತಿದ್ದಿಕೊಳ್ಳುತ್ತಾನೆ. ಮೊನ್ನೆ ಸೊಲ್ಲಾಪುರ ರಸ್ತೆಯ ಅಂಗಡಿಕಾರರೊಬ್ಬರು ರೇಗಿದರು: ‘ನಾವೇನ ಎಮ್ಮಿ ಅದೀವೇನಪಾ? ಹಗ್ಗಾ ಬಿಚ್ಚು.’ ಖಂಡಪ್ಪ ದೋಣಿಯನ್ನು ದಡಕ್ಕೆ ತಿರುಗಿಸಿದ. ಅಲ್ಲಿ ಚಹಾ ಕಾಸುತ್ತಿದ್ದ ಹೆಂಡತಿ ಮಹಾನಂದಾ ಅಂಗಡಿಕಾರರ ಕೈಗೆ ಚಹಾದ ಕಪ್ಪು ಕೊಡುತ್ತ ಮೆಲ್ಲಗೆ ಹೇಳಿದಳು: ‘ಸಿಟ್ಟ ಮಾಡ್ಕೋಬ್ಯಾಡ್ರಿ ಯಪ್ಪಾ. ಕೆರಿ ತುಂಬಿದ ವರ್ಷ, ಮೈ ತಂಪ ಮಾಡ್ಕೊಳ್ಲಿ ಅಂತ ಇವರು ನಮ್ಮ ಎಮ್ಮಿ ಹಗ್ಗಾ ಬಿಚ್ಚಿ ನೀರಿಗೆ ಬಿಟ್ಟಿದ್ರು. ಅದು ಹೂಳಿನಾಗ ಸಿಕ್ಕೊಂಡು ಹೊರಗ ಬರಲೇ ಇಲ್ಲ. ಇವರ ಕೈಯಾಗ ಉಳಿದದ್ದು ಈ ಹಗ್ಗ ಒಂದ.’ ಅಂಗಡಿಕಾರರು ಚಹಾ ಮುಗಿಸಿ ಮತ್ತೆ ಕಯಾಕಿನಲ್ಲಿ ಕೂತರು. ಗಂಟನ್ನು ತಾವೇ ಒಮ್ಮೆ ಜಗ್ಗಿ ನೋಡಿದರು.