ಮಿಂಚುಳ್ಳಿಯ ನೀಲಿ

೨೦೦೮ರಲ್ಲಿ ನಾನು ಗೋವಾದ ಕೊರ್ತಾಲಿಮ್ ಬಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಸಂಗ್ರಹಕಾರರಿಗಾಗಿ ಕಾಡುಪ್ರಾಣಿ, ಪಕ್ಷಿಗಳ ಬಣ್ಣದ ನಾಣ್ಯಗಳನ್ನು ಅಲ್ಲಿ ಸಿದ್ಧಪಡಿಸುತ್ತಿದ್ದೆವು. ಉಬ್ಬುಚಿತ್ರವಿದ್ದ ಬೆಳ್ಳಿ ನಾಣ್ಯ ಹೊರಗಿನಿಂದ ಬರುತ್ತಿತ್ತು. ಅದರ ಮೇಲೆ ಮೆತ್ತನೆಯ ಸಿಲಿಕೋನ್ ಪ್ಯಾಡಿನಿಂದ ಒಂದೊಂದೇ ಬಣ್ಣ ಒತ್ತಿ, ಓವನ್‌ನಲ್ಲಿ ಒಣಗಿಸುವುದು ನಮ್ಮ ಕೆಲಸ.

ಬಣ್ಣ ಕಲಸುತ್ತಿದ್ದವರು ಇಂಡಿ ಕಡೆಯ ರಮಜಾನಸಾಬರು. ಹಿಂದೆ ಲಾರಿಗಳ ಮೇಲೆ ಹುಲಿ, ನವಿಲು ಬರೆಯುತ್ತಿದ್ದವರು. ಕಣ್ಣಂದಾಜಿನಲ್ಲೇ ಬಣ್ಣ ಕೂಡಿಸುತ್ತಿದ್ದರು. ನನ್ನ ಭೂತಗನ್ನಡಿಗೆ ತಪ್ಪು ಸಿಕ್ಕಿದ್ದೇ ಇಲ್ಲ. ಅವರ ಹೆಂಡತಿ ಶಮಶಾದಬಿ ಅಲ್ಲೇ ಪ್ಯಾಕಿಂಗ್ ಮಾಡುತ್ತಿದ್ದರು. ಆ ಮಳೆಗಾಲದಲ್ಲಿ ರಮಜಾನಸಾಬರು ನಾಣ್ಯವನ್ನು ಮೂಗಿನ ಹತ್ತಿರ ಹಿಡಿದು ನೋಡತೊಡಗಿದರು. ನಾನು ಅದನ್ನು ಶ್ರದ್ಧೆ ಎಂದುಕೊಂಡು ಹೊಸಬರ ಮುಂದೆ ಹೊಗಳಿದೆ.

ಮಳೆ ನಿಂತ ಮೇಲೆ ಮಿಂಚುಳ್ಳಿ ನಾಣ್ಯದ ಸರದಿ ಮತ್ತೆ ಬಂತು. ಶಮಶಾದಬಿ ಜ್ವರವೆಂದು ರಜೆ ಹಾಕಿದ್ದರು. ಮಧ್ಯಾಹ್ನ ಓವನ್‌ನಿಂದ ಹೊರಬಂದ ಟ್ರೇ ನೋಡಿ ನಿಂತುಬಿಟ್ಟೆ. ನೀಲಿ ಇರಬೇಕಾದ ನೂರ ಇಪ್ಪತ್ತೂ ಹಕ್ಕಿಗಳ ಬೆನ್ನು ಹಸಿರು.

“ರಮಜಾನಸಾಬ್ರ, ಇದೇನ್ರಿ?”

ಅವರು ಒಂದು ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ನೀಲೀನ ಐತಲ್ರಿ, ಸರ?”

“ಹಸಿರು ಐತ್ರಿ,” ಎಂದೆ. ಅವರು ನಾಣ್ಯವನ್ನು ಟ್ರೇಗೆ ಇಳಿಸಿದರು. “ಕಣ್ಣು ಮಂಜಾಗಿ ನಾಕು ತಿಂಗಳಾತ್ರಿ. ಡಬ್ಬಿ ಮ್ಯಾಲಿನ ಹೆಸರು ನಮ್ಮಾಕೀನ ಓದಿ ಹೇಳತಿದ್ಲು. ಯಾರಿಗೂ ಹೇಳಬ್ಯಾಡ್ರಿ. ಬಣ್ಣ ಬಿಟ್ರ ನನಗ ಬ್ಯಾರೆ ಏನೂ ಬರಂಗಿಲ್ರಿ.”

ವರದಿ ಬರೆಯದೆ ಗತ್ಯಂತರವಿರಲಿಲ್ಲ. ಬರೆದೆ. ಮರುದಿನ ನಾನೇ ಅವರನ್ನು ಮಡಗಾಂವಿನ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಸಕ್ಕರೆ ಕಾಯಿಲೆ ಎರಡೂ ಕಣ್ಣಿನ ಒಳಪದರವನ್ನು ಕೆಡಿಸಿತ್ತು. ನಾಲ್ಕು ತಿಂಗಳ ಹಿಂದೆ ಬಂದಿದ್ದರೆ ಇಷ್ಟಾಗಲು ಬಿಡುತ್ತಿರಲಿಲ್ಲ ಎಂದರು ಡಾಕ್ಟರು. ಜ್ವರದಲ್ಲೇ ಜೊತೆಗೆ ಬಂದಿದ್ದ ಶಮಶಾದಬಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಹೇಳಿದ್ರ ಕೆಲಸ ಹೊಕ್ಕೈತಂತ ಅಂಜಿ ಮುಚ್ಚಿಟ್ವಿರಿ, ಸರ.”

ರಮಜಾನಸಾಬರ ಕೆಲಸ ಹೋಯಿತು. ಪ್ಯಾಕಿಂಗ್‌ಗಾದರೂ ಹಾಕಿಕೊಳ್ಳಿ ಎಂದು ಮಾಲೀಕರನ್ನು ಎರಡು ಸಲ ಕೇಳಿದೆ, ಒಪ್ಪಲಿಲ್ಲ. ತಿಂಗಳೊಳಗೆ ಗಂಡ ಹೆಂಡತಿ ಊರಿಗೆ ಹೊರಟರು. ಹಿಂದಿನ ಸರದಿಯಲ್ಲಿ ಅವರೇ ನೀಲಿ ಹಾಕಿದ್ದ ಒಂದು ಮಿಂಚುಳ್ಳಿ ನಾಣ್ಯವನ್ನು ಕೊಂಡು, ಬಸ್ ಸ್ಟ್ಯಾಂಡಿನಲ್ಲಿ ರಮಜಾನಸಾಬರ ಅಂಗೈಯಲ್ಲಿಟ್ಟೆ. ಹೆಬ್ಬೆರಳಿನಿಂದ ಸವರಿದರು.

“ಕೊಕ್ಕು ಸಿಗತೈತ್ರಿ. ರೆಕ್ಕೀನೂ ಸಿಗತೈತಿ. ಬಣ್ಣ ಸಿಗವಲ್ದು.”

ಮುಂದೆ ನಾನು ದುಡಿದ ಕಡೆಯಲ್ಲೆಲ್ಲ ಆರು ತಿಂಗಳಿಗೊಮ್ಮೆ ಕೆಲಸಗಾರರ ಕಣ್ಣು ಪರೀಕ್ಷೆ ಮಾಡಿಸಿದೆ. ಕಾಯಿಲೆ ಹೇಳಿಕೊಂಡವರನ್ನು ಕೆಲಸದಿಂದ ತೆಗೆಯುವುದಿಲ್ಲ ಎಂದು ಮಾಲೀಕರಿಂದ ಮೊದಲೇ ಬರೆಸಿಕೊಂಡೆ. ಸರಕಿಗಿಂತ ಮುಂಚೆ ಅದನ್ನು ಮಾಡುವವರನ್ನು ನೋಡಬೇಕೆಂಬ ಇಷ್ಟು ಸಣ್ಣ ವಿಷಯ ನನಗೆ ತಿಳಿಯಲು ಒಬ್ಬರ ಕಣ್ಣು ಹೋಗಬೇಕಾಯಿತು.